ಸ್ಟಿಕ್ಕರ್ ಕೊಟ್ಟರೆ ಮಾತ್ರ ಓದುತ್ತೇನೆ ಅನ್ನೋ ಮಕ್ಕಳಿಗೆ ಏನು ಮಾಡೋದು?

ಕುಂದಗೋಳ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕುಂದಗೋಳ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕಾರ್ಡು ಹಿಡಿದು ಅವರವರ ವೇಗದಲ್ಲಿ ಕಲಿಯುತ್ತಾರೆ. ಗೊತ್ತಿರುವವರಿಗೆ ಜಾಸ್ತಿ ಹೇಳಬೇಕಿಲ್ಲ.

ಈ ವರ್ಷ ಜೂನ್‌ನಿಂದ ಸ್ಟಿಕ್ಕರ್ ಕೊಡುತ್ತಿದ್ದೇನೆ. ಹುಬ್ಬಳ್ಳಿಗೆ ಹೋದಾಗ ದುರ್ಗದಬೈಲ್ ಕಡೆ ಒಂದು ಅಂಗಡಿಯಲ್ಲಿ ಹಾಳೆಗಟ್ಟಲೆ ತರುತ್ತೇನೆ. ನಕ್ಷತ್ರ, ನಗುಮುಖ, ಚಿಟ್ಟೆ. ಸ್ವಂತ ದುಡ್ಡು. ಗೋಡೆಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಹಚ್ಚಿ ಎಲ್ಲರ ಹೆಸರು ಬರೆದಿದ್ದೇನೆ. ಪ್ರಾರ್ಥನೆ ಹೊತ್ತಿಗೆ ಬಂದರೆ ಒಂದು, ಮಗ್ಗಿ ಒಪ್ಪಿಸಿದರೆ ಒಂದು, ಕಾಪಿ ಬರೆದರೆ ಒಂದು, ಓದುವ ಮೂಲೆಯ ಪುಸ್ತಕ ಓದಿ ಮುಗಿಸಿದರೆ ಒಂದು.

ಮೊದಮೊದಲು ಬಹಳ ಚೆನ್ನಾಗಿ ನಡೆಯಿತು. ತಡವಾಗಿ ಬರುತ್ತಿದ್ದವರು ಬೀಗ ತೆಗೆಯೋ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು. ಎರಡರ ಮಗ್ಗಿಯಲ್ಲೇ ತಡವರಿಸುತ್ತಿದ್ದವರು ಏಳರ ಮಗ್ಗಿ ತನಕ ಬಂದರು. ನಮ್ಮ ಸುತ್ತಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸರ್ ಬಂದು ಗೋಡೆಯ ಫೋಟೊ ತೆಗೆದು ಕ್ಲಸ್ಟರ್ ಗ್ರೂಪಿಗೆ ಹಾಕಿದರು. ಎಲ್ಲಿ ಸಿಗುತ್ತೆ, ಹಾಳೆಗೆ ಎಷ್ಟು ಅಂತ ಬೇರೆ ಶಾಲೆಯವರೂ ಕೇಳೋಕೆ ಶುರು ಮಾಡಿದ್ದಾರೆ.

ಆದರೆ ಈಗ ಕೋಣೆಯೊಳಗೆ ಬೇರೇನೋ ನಡೆಯುತ್ತಿದೆ. ಮೂರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಓದೋ ಹುಚ್ಚು. ಮೊದಲೆಲ್ಲ ಊಟದ ಗಂಟೆ ಹೊಡೆದರೂ ಓದುವ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಅಡುಗೆ ಮಾಡುವ ಅಕ್ಕ ಬಂದು ಎಬ್ಬಿಸಿಕೊಂಡು ಹೋಗಬೇಕಿತ್ತು. ಮೊನ್ನೆ ಎರಡೂ ಕೈಯಲ್ಲಿ ಒಂದೊಂದು ಪುಸ್ತಕ ಹಿಡಿದು ನನ್ನ ಟೇಬಲ್ ಹತ್ತಿರ ಬಂದ. "ಅಕ್ಕೋರ, ಸಣ್ಣದಕ್ಕೂ ಒಂದ, ದೊಡ್ಡದಕ್ಕೂ ಒಂದ ಅಲ್ರಿ?" ಅಂದ. ಹೌದು ಅಂದೆ. ದೊಡ್ಡದನ್ನು ವಾಪಸ್ ಇಟ್ಟ. ಸಣ್ಣದರ ಹಾಳೆ ಸರಸರ ಮಗುಚಿ ಬಂದು ಬೆರಳು ಚಾಚಿದ. ಕಥೆ ಏನಪ್ಪಾ ಅಂದರೆ ಬಾಯಿ ಬಿಡಲಿಲ್ಲ.

ಇನ್ನೊಬ್ಬಳು ಎರಡನೇ ತರಗತಿ ಹುಡುಗಿ. ಈಗ ಮೆಣಸಿನಕಾಯಿ ಬಿಡಿಸೋ ಸುಗ್ಗಿ ಅಲ್ವಾ? ಅವ್ವ ಹೊಲಕ್ಕೆ ಹೋದ ದಿನ ಸಣ್ಣ ತಮ್ಮನನ್ನು ಎತ್ತಿಕೊಂಡು ಇವಳು ಮನೆಯಲ್ಲಿ ಇರಬೇಕು. ಶೀಟಿನಲ್ಲಿ ಅವಳ ಸಾಲು ಬೋಳು. ಶಾಲೆಗೆ ಬಂದ ದಿನ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಾಳೆ.

ಇನ್ನು ಒಬ್ಬರ ಸ್ಟಿಕ್ಕರ್ ಉಗುರಲ್ಲಿ ಎಬ್ಬಿಸಿ ತಮ್ಮ ಸಾಲಿಗೆ ಹಚ್ಚಿಕೊಳ್ಳುವವರೂ ಇದ್ದಾರೆ. ಅದು ಬಿಡಿ, ಮಕ್ಕಳು.

ನಿಲ್ಲಿಸಿಬಿಡಲಾ? ಒಮ್ಮೆಲೇ ನಿಲ್ಲಿಸಿದರೆ ಮಗ್ಗಿ, ಹಾಜರಿ ಎರಡೂ ಕೆಡುತ್ತಾ? ಮಾಡಿ ನೋಡಿದವರು ಹೇಳಿ.

ವಿದ್ಯಾನಗರದ ಅಪ್ಪ

ಟೀಚರ್, ನಾನು ಶಿಕ್ಷಕ ಅಲ್ಲ, ಯುಕೆಜಿ ಮಗಳ ಅಪ್ಪ. ಅವಳ ಶಾಲೆಯಲ್ಲಿ ಡೈರಿಗೆ ಸ್ಟಿಕ್ಕರ್ ಹಚ್ಚಿ ಕಳಿಸುತ್ತಾರೆ. ಮನೆಗೆ ಬಂದ ತಕ್ಷಣ ಚೀಲ ಬಿಚ್ಚಿ ತೋರಿಸೋದು ಅದನ್ನೇ. ಏನು ಕಲಿತೆ ಅಂತ ಕೇಳಿದರೆ "ಸ್ಟಾರ್ ಬಂತು" ಅನ್ನುತ್ತಾಳೆ.

ಅವರಮ್ಮನೂ ಮನೆಯಲ್ಲಿ ಶುರು ಮಾಡಿದಳು. ಹಾಲು ಕುಡಿದರೆ ಒಂದು, ಹಲ್ಲುಜ್ಜಿದರೆ ಒಂದು. ಈಗ ಅಜ್ಜಿ ನೀರು ಕೇಳಿದರೂ "ಎಷ್ಟು ಸ್ಟಿಕ್ಕರ್?" ಅಂತ ಕೇಳಿ ಆಮೇಲೆ ಏಳುತ್ತಾಳೆ. ನಮ್ಮವ್ವ ಸಿಟ್ಟಾಗಿ "ನನ್ನ ಹತ್ರ ಕುಂಕುಮ ಐತಿ, ಹಚ್ಚಲೇನು?" ಅಂದಳು. ನಕ್ಕೆವು. ಆದರೆ ನಿಜವಾಗಿ ತಲೆಬಿಸಿ ಆಗಿದೆ. ಯಾರು ಏನು ಹೇಳುತ್ತಾರೆ ನೋಡೋಣ ಅಂತ ಕೂತಿದ್ದೇನೆ.

ಧಾರವಾಡ ಬಿ.ಇಡಿ

ಟೀಚರ್, ನಿಮ್ಮ ಓದೋ ಹುಡುಗನ ಕಥೆ ಓದಿದಾಗ ನಾನು ಪ್ರತಿ ವರ್ಷ ಬಿ.ಇಡಿ ಕ್ಲಾಸಿನಲ್ಲಿ ಹೇಳುವ ಒಂದು ಪ್ರಯೋಗ ನೆನಪಾಯಿತು. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಅದನ್ನು 1973ರಲ್ಲಿ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆ. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸೋದು ಮೊದಲೇ ಇಷ್ಟ ಇದ್ದ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಬಂಗಾರದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಇದ್ದ ಪತ್ರ. ಇನ್ನು ಕೆಲವರಿಗೆ ಏನೂ ಹೇಳದೆ, ಬಿಡಿಸಿ ಮುಗಿದ ಮೇಲೆ ಅದೇ ಪತ್ರ ಕೊಟ್ಟರು. ಉಳಿದವರಿಗೆ ಪತ್ರವೇ ಇಲ್ಲ.

ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ತರಗತಿಯಲ್ಲಿ ಇಟ್ಟು, ಯಾರಿಗೂ ಏನೂ ಹೇಳದೆ ನೋಡಿದರು. ಪ್ರಶಸ್ತಿಯ ಆಸೆ ಹಚ್ಚಿಸಿಕೊಂಡು ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಮೊದಲೇ ಹೇಳದೆ ಪತ್ರ ಪಡೆದ ಮಕ್ಕಳಲ್ಲಿ ಏನೂ ಕಡಿಮೆ ಆಗಿರಲಿಲ್ಲ.

ಅಂದರೆ ಕೆಟ್ಟದ್ದು ಸ್ಟಿಕ್ಕರ್ ಅಲ್ಲ. "ಇದು ಮಾಡಿದರೆ ಅದು" ಅನ್ನೋ ಕರಾರು. ಅದೂ ಮಗುವಿಗೆ ಮೊದಲೇ ಇಷ್ಟ ಇರುವ ಕೆಲಸಕ್ಕೆ ಹಾಕಿದ ಕರಾರು. 1999ರಲ್ಲಿ ಡೆಸಿ, ಕೋಸ್ಟ್ನರ್, ರಯಾನ್ ಇಂಥ 128 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಹೆಚ್ಚುಕಮ್ಮಿ ಇದೇ ಕಂಡಿತು. ಬೇಜಾರಿನ ಕೆಲಸಗಳಲ್ಲಿ ಆ ನಷ್ಟ ಕಾಣಲಿಲ್ಲ. ಹಾಗಾಗಿ ಮಗ್ಗಿಗೆ ಸ್ಟಿಕ್ಕರ್ ಇರಲಿ ಅನ್ನೋದು ನನ್ನ ಮಾತು. ಕಥೆ ಪುಸ್ತಕಕ್ಕೆ ಇವತ್ತೇ ನಿಲ್ಲಿಸಿ. ನಿಧಾನಕ್ಕೆ ಬೇಡ, ಇವತ್ತೇ.

ಹೊಗಳಿಕೆ ಬಗ್ಗೆ ಒಂದು ಮಾತು. ಸ್ಟಿಕ್ಕರ್ ಬಿಟ್ಟು ಎಲ್ಲರಿಗೂ "ಶಾಣ್ಯಾ ಇದ್ದಿ" ಅಂತ ಹೇಳುತ್ತಾ ಹೋದರೂ ಕಷ್ಟವೇ. ಮ್ಯೂಲರ್, ಡ್ವೆಕ್ 1998ರಲ್ಲಿ ಐದನೇ ತರಗತಿ ಮಕ್ಕಳ ಜೊತೆ ಮಾಡಿ ನೋಡಿದ್ದಾರೆ. ನೀನು ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳು ಆಮೇಲೆ ಸುಲಭದ ಲೆಕ್ಕವನ್ನೇ ಆರಿಸಿದರು. ಚೆನ್ನಾಗಿ ಪ್ರಯತ್ನ ಪಟ್ಟೆ ಅನ್ನಿಸಿಕೊಂಡವರು ಕಷ್ಟದ್ದಕ್ಕೆ ಕೈ ಹಾಕಿದರು. ಏನು ಮಾಡಿದ ಅನ್ನೋದನ್ನು ಹೇಳಿ. "ಒತ್ತಕ್ಷರ ಎಲ್ಲಾ ತಿದ್ದಿಕೊಂಡಿದ್ದೀ" ಅಂದರೆ ಸಾಕು.

ಬೆಟಗೇರಿ ಮಾಸ್ತರ

ಅಕ್ಕೋರೆ, ನಾನು ಗದಗ ಬೆಟಗೇರಿಯವನು, ನಿವೃತ್ತ. ಧಾರವಾಡದವರು ಸರಿಯಾಗಿಯೇ ಹೇಳಿದ್ದಾರೆ. ನಾನು ಅಮೆರಿಕಕ್ಕೆ ಹೋಗೋದಿಲ್ಲ, ನೇಕಾರರ ಓಣಿಗೆ ಹೋಗುತ್ತೇನೆ. ಮಗ್ಗದ ಮನೆಯಲ್ಲಿ ಕೂಲಿ ಸೀರೆ ಲೆಕ್ಕ. ಎಷ್ಟು ಸೀರೆ ಇಳಿಸಿದೆಯೋ ಅಷ್ಟು ದುಡ್ಡು. ಸೀರೆ ಲೆಕ್ಕ ಇಟ್ಟರೆ ನೇಕಾರ ಬೇಗ ಮುಗಿಯೋ ಸೀರೆಯನ್ನೇ ಹಿಡಿಯುತ್ತಾನೆ. ನಿಮ್ಮ ಹುಡುಗ ಸಣ್ಣ ಪುಸ್ತಕ ಹಿಡಿದದ್ದೂ ಹಾಗೆಯೇ. ಅವನು ದಡ್ಡ ಆಗಿಲ್ಲ, ನೀವು ಇಟ್ಟ ಲೆಕ್ಕ ಅವನಿಗೆ ಚೆನ್ನಾಗಿ ತಿಳಿದಿದೆ.

ಆದರೆ ಸ್ಟಿಕ್ಕರ್ ಕಂಡರೆ ಮೂಗು ಮುರಿಯೋರಲ್ಲಿ ನಾನಿಲ್ಲ. ನಾನು ನೌಕರಿಗೆ ಸೇರಿದಾಗ ಕೋಣೆಗೆ ಹೋಗೋ ಮೊದಲು ಮಾಸ್ತರ ಕೈಗೆ ಬರುತ್ತಿದ್ದದ್ದು ಹುಣಸೆ ಬರಲು, ಅಂದರೆ ಹೊಡೆಯೋ ಕೋಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಬಂದು ಹೊಡೆಯೋದು, ಮನಸ್ಸು ನೋಯಿಸೋದು ಎರಡನ್ನೂ ನಿಷೇಧಿಸಿತು. ಆ ಬರಲನ್ನು ಕೆಳಗಿಟ್ಟವರು ಕೈಗೆ ಇನ್ನೇನು ಹಿಡಿಯಬೇಕು? ಎಷ್ಟೋ ಜನ ಒಳ್ಳೆಯ ಮನಸ್ಸಿಂದಲೇ ಸ್ಟಿಕ್ಕರ್ ಹಿಡಿದರು. ಬರಲಿಗಿಂತ ಸಾವಿರ ಪಾಲು ಮೇಲು.

ನನಗೆ ಚುಚ್ಚಿದ್ದು ಆ ಹುಡುಗಿ. ಕಾಯ್ದೆಯಲ್ಲಿ "ಮಾನಸಿಕ ಕಿರುಕುಳ" ಅಂತಲೂ ಇದೆ. ಗೋಡೆ ಮೇಲಿನ ಬೋಳು ಸಾಲು ಯಾರಿಗೂ ಬೈಯೋದಿಲ್ಲ, ನಿಜ. ಆದರೆ ಬಂದವರೆಲ್ಲ ಓದಿಕೊಂಡು ಹೋಗುತ್ತಾರೆ. ಸುಗ್ಗಿಯಲ್ಲಿ ಶಾಲೆ ಬಿಡೋದು ಅವಳ ಕೈಯಲ್ಲಿ ಇಲ್ಲ, ಅವಳವ್ವನ ಕೈಯಲ್ಲೂ ಪೂರ್ತಿ ಇಲ್ಲ. ಹಾಜರಿಯ ಸ್ಟಿಕ್ಕರ್ ತೆಗೆದುಬಿಡಿ. ಅದರ ಬದಲು ನೀವು ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ಅವಳ ಸಣ್ಣ ತಮ್ಮನನ್ನು ಅಂಗನವಾಡಿಗೆ ಬಿಡೋಕೆ ಆಗುತ್ತಾ ಕೇಳಿ. ಮೂರು ವರ್ಷ ತುಂಬಿದ್ದರೆ ಅಲ್ಲಿ ಊಟವೂ ಆಗುತ್ತೆ, ಅಕ್ಕನಿಗೆ ಶಾಲೆಯೂ ಸಿಗುತ್ತೆ.

ಇನ್ನೊಂದು. ನಲಿಕಲಿಯಲ್ಲಿ ಕಲಿಕಾ ಏಣಿ ಇದ್ದೇ ಇದೆಯಲ್ಲ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರು ಮಾಡಿದವರು ರ‍್ಯಾಂಕಿನ ಕಾಟ ಬೇಡ ಅಂತಲೇ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು ಇಟ್ಟರು. ಕಾರ್ಡು ಮುಗಿಸಿ ಮುಂದಿನ ಮೆಟ್ಟಿಲಿಗೆ ಹೋದಾಗ ಮಗುವಿಗೆ ಸಿಗೋ ಖುಷಿ ನೀವೇ ನೋಡಿದ್ದೀರಿ. ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕದ ಹಾಳೆ ಯಾಕೆ ಬೇಕು?

ಹಾವೇರಿ ಅಮ್ಮ

ಎಲ್ಲರೂ ಸ್ಟಿಕ್ಕರ್ ತೆಗೆಯಿರಿ ಅನ್ನೋ ಕಡೆಗೇ ಹೊರಟಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ ತೊಂದರೆ. ಒಂದು ಕಡೆ ಕೂರೋದು ಅಂದರೆ ಅವನಿಗೆ ಬೆಟ್ಟ ಹತ್ತಿದ ಹಾಗಲ್ಲ, ಅದಕ್ಕಿಂತ ಕಷ್ಟ. ಬೆಟ್ಟವನ್ನಾದರೂ ಓಡಿ ಹತ್ತುತ್ತಾನೆ. "ಒಳಗಿನ ಖುಷಿ ಬರಲಿ" ಅಂತ ಕಾದಿದ್ದರೆ ಅವನು ಇವತ್ತಿಗೂ ಅಕ್ಷರ ಕಲಿಯುತ್ತಿರಲಿಲ್ಲ.

ನಮಗೆ ತರಬೇತಿ ಕೊಟ್ಟವರು ಹೇಳಿಕೊಟ್ಟದ್ದು ಹೀಗೆ. ಒಂದೇ ಒಂದು ಕೆಲಸ ಆರಿಸಬೇಕು. "ಜಾಣನಾಗಿರು" ಅಲ್ಲ, "ಅರ್ಧ ಪುಟ ಬರೆಯೋ ತನಕ ಏಳಬೇಡ" ಅಂತ ಕಣ್ಣಿಗೆ ಕಾಣೋ ಕೆಲಸ. ಮುಗಿಸಿದ ತಕ್ಷಣ ಕೊಡಬೇಕು. ಸಂಜೆಗೆ ಕೊಟ್ಟರೆ ಯಾಕೆ ಬಂತು ಅಂತಲೇ ಅವನಿಗೆ ಮರೆತಿರುತ್ತೆ. ಒಮ್ಮೆ ಕೊಟ್ಟಿದ್ದನ್ನು ಸಿಟ್ಟು ಬಂತು ಅಂತ ಕಿತ್ತುಕೊಳ್ಳಬಾರದು. ಅವನ ಕಾರ್ಡು ಅವನ ಕಂಪಾಸ್ ಪೆಟ್ಟಿಗೆಯೊಳಗೆ, ಬೇರೆ ಮಕ್ಕಳಿಗೆ ಕಾಣೋದಿಲ್ಲ. ಐದು ಆದರೆ ಅವರಪ್ಪನ ಜೊತೆ ಟ್ರ್ಯಾಕ್ಟರ್ ಮೇಲೆ ಒಂದು ಸುತ್ತು. ರೂಢಿ ಬಿದ್ದ ಮೇಲೆ ಅರ್ಧ ಪುಟ ಒಂದು ಪುಟ ಆಯಿತು. ಆಮೇಲೆ ಕಾರ್ಡು ತುಂಬಿಸೋದು ಅವನಿಗೇ ನೆನಪಿರಲಿಲ್ಲ. ನಾವೂ ನೆನಪಿಸಲಿಲ್ಲ.

ನಿಮ್ಮ ಕೋಣೆಯಲ್ಲೂ ಇಂಥ ಒಂದು ಮಗು ಇರಬಹುದು ಟೀಚರ್. ಎಲ್ಲರದೂ ನಿಲ್ಲಿಸುವಾಗ ಆ ಒಂದನ್ನು ಬೇರೆ ಮಾಡಿ ನೋಡಿ.

ಕುಂದಗೋಳ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಹಾವೇರಿ ಅಕ್ಕ, ಇದ್ದಾನೆ. ಕಿಟಕಿ ಪಕ್ಕದಿಂದ ಹೊರಗೆ ಹೋಗಿ ಬರೋ ಒಬ್ಬ ಇದ್ದಾನೆ. ಅವನಿಗೆ ನೀವು ಹೇಳಿದ ಹಾಗೆ ಕಾರ್ಡು ಮಾಡುತ್ತೇನೆ. ಟ್ರ್ಯಾಕ್ಟರ್ ನನ್ನ ಹತ್ತಿರ ಇಲ್ಲ. ಗಂಟೆ ಹೊಡೆಯೋ ಕೆಲಸ ಕೊಟ್ಟರೆ ನಡೆಯುತ್ತೆ ಅನ್ನಿಸುತ್ತೆ, ಅದಕ್ಕೆ ಯಾವಾಗಲೂ ಜಗಳ ಆಡುತ್ತಾನೆ.

ಗೋಡೆಯ ಶೀಟ್ ಶನಿವಾರ ತೆಗೆಯುತ್ತೇನೆ. ಮಗ್ಗಿಯದು ಮಾತ್ರ ಅವರವರ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ. ಕಥೆ ಪುಸ್ತಕದ್ದು ಇವತ್ತೇ ನಿಂತಿತು. ಆ ಹುಡುಗ ಒಮ್ಮೆ ನನ್ನ ಮುಖ ನೋಡಿದ, ಪುಸ್ತಕ ತೆಗೆದುಕೊಳ್ಳಲೇ ಇಲ್ಲ, ಹೊರಗೆ ಆಡೋಕೆ ಹೋದ. ಎಷ್ಟು ದಿನ ಕಾಯಬೇಕೋ ಕಾಯೋಣ. ಅಷ್ಟರಲ್ಲಿ ಮಧ್ಯಾಹ್ನ ನಾನೇ ಜೋರಾಗಿ ಕಥೆ ಓದಿ ಅರ್ಧಕ್ಕೆ ನಿಲ್ಲಿಸಿ, ಪುಸ್ತಕ ಅಲ್ಲೇ ಬಿಟ್ಟು ಬರೋ ಯೋಚನೆ ಇದೆ.

ಮಾಸ್ತರೇ, ಒಂದು ಕೇಳಬೇಕಿತ್ತು. ಮೂರನೇ ತರಗತಿಯವರು ಜೂನ್‌ನಲ್ಲಿ ನಾಲ್ಕಕ್ಕೆ ಹೋಗುತ್ತಾರೆ. ಅಲ್ಲಿ ಮಗ್ಗಿಗೂ ಸ್ಟಿಕ್ಕರ್ ಇಲ್ಲ. ಆಗ?

ಬೆಟಗೇರಿ ಮಾಸ್ತರ

ಈಗಿನಿಂದಲೇ ಕಡಿಮೆ ಮಾಡುತ್ತಾ ಬನ್ನಿ. ಫೆಬ್ರುವರಿಯಲ್ಲಿ ಪ್ರತಿ ಮಗ್ಗಿಗೆ, ಮಾರ್ಚ್‌ನಲ್ಲಿ ಎರಡು ಮೂರು ಮಗ್ಗಿ ಸೇರಿಸಿ ಒಂದು. ಕೊನೆಗೆ ಮೂರನೆಯವರು ಒಂದನೆಯವರಿಂದ ಮಗ್ಗಿ ಹೇಳಿಸಲಿ, ಸ್ಟಿಕ್ಕರ್ ಹಚ್ಚೋ ಕೆಲಸವೂ ಅವರದೇ ಇರಲಿ. ಹಚ್ಚೋರು ಆದ ಮೇಲೆ ಹಚ್ಚಿಸಿಕೊಳ್ಳೋ ಆಸೆ ಬಹಳ ದಿನ ಇರೋದಿಲ್ಲ. ನಾಲ್ಕನೇ ತರಗತಿ ಸರ್‌ಗೂ ಒಂದು ಮಾತು ಮೊದಲೇ ಹೇಳಿಟ್ಟಿರಿ.