ಸಹಾಯ ಬೇಕು: ಶೋಕದ ಮನೆಯಲ್ಲಿ ಬದುಕುಳಿದವನ ಆರೈಕೆ ಹೇಗೆ?

ನಮಸ್ಕಾರ. ನಾನು ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಕಡೆ ಮಾನಸಿಕ ಆರೋಗ್ಯ ವಿಭಾಗದ ನರ್ಸ್. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ಅಬೊರಿಜಿನಲ್ (ಅಲ್ಲಿನ ಮೂಲನಿವಾಸಿ) ಯುವಕನೊಬ್ಬ ಆಸ್ಪತ್ರೆಯಿಂದ ಮನೆಗೆ ಮರಳಿದ ಎರಡೇ ದಿನಕ್ಕೆ ಅವನ ಸೋದರಮಾವ ತೀರಿಕೊಂಡರು. ಇಡೀ ಕುಟುಂಬ ಈಗ ಅಲ್ಲಿಯವರು ‘ಸಾರಿ ಬಿಸಿನೆಸ್’ (Sorry Business) ಎನ್ನುವ ಶೋಕಾಚರಣೆಯಲ್ಲಿದೆ. ಅಗಲಿದವರ ಹೆಸರನ್ನು ಉಚ್ಚರಿಸಬಾರದೆಂಬುದು ಅವರ ಕಟ್ಟಳೆ, ಆದರೆ ನಾನು ತುಂಬಬೇಕಾದ ಫಾರ್ಮಿನಲ್ಲಿ ಆ ಹೆಸರನ್ನೇ ಕೇಳಿದ್ದಾರೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಏಳು ದಿನದೊಳಗೆ ಅವನನ್ನು ಮತ್ತೆ ಕಾಣಬೇಕೆಂಬ ನಿಯಮವೂ ಇದೆ. ಆಸ್ಪತ್ರೆ ಬಿಟ್ಟ ಮೊದಲ ವಾರಗಳಲ್ಲೇ ಅಪಾಯ ಹೆಚ್ಚಾದ್ದರಿಂದ ಅದನ್ನು ತಪ್ಪೆನ್ನಲಾರೆ.

ಮೂಲನಿವಾಸಿಗಳೇ ದಿನದ 24 ಗಂಟೆಯೂ ಕರೆ ಸ್ವೀಕರಿಸುವ ‘ಥರ್ಟೀನ್ ಯಾರ್ನ್’ ಸಹಾಯವಾಣಿಯ ಸಂಖ್ಯೆಯನ್ನು (13 92 76) ಅವನಿಗೆ ಕೊಟ್ಟಿದ್ದೇನೆ. ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತೆಯೊಬ್ಬರ ಜೊತೆ ಒಮ್ಮೆ ಮನೆಗೂ ಹೋಗಿದ್ದೆ. ಅವನ ಅಜ್ಜಿ ಅಂಗಳದ ಬೆಂಕಿಯ ಪಕ್ಕ ಅರ್ಧ ಗಂಟೆ ಮಾತಿಲ್ಲದೆ ಕುಳಿತಿದ್ದರು, ನಾವೂ ಕುಳಿತೆವು. ಹೊರಡುವಾಗ ಅವರು ನನ್ನ ಕೈ ಹಿಡಿದರು. ಅದು ‘ಮತ್ತೆ ಬಾ’ ಎಂದೋ, ‘ಇಷ್ಟು ಸಾಕು’ ಎಂದೋ ನನಗೆ ತಿಳಿಯಲಿಲ್ಲ.

ಇಂಥ ಸಮುದಾಯಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಶೋಕಾಚರಣೆ ಮುಗಿಯುವ ಮೊದಲೇ ನಾನು ಮತ್ತೆ ಹೋಗಬಹುದೇ, ಅಥವಾ ಅವನ ಮೇಲೆ ಕಣ್ಣಿಡುವ ಹೊಣೆಯನ್ನು ಹಿರಿಯರಿಗೂ ಆ ಕಾರ್ಯಕರ್ತೆಗೂ ಒಪ್ಪಿಸಿ ನಾನು ಅವರ ಬೆನ್ನಿಗೆ ನಿಲ್ಲುವುದು ಸರಿಯೇ?