ಸಹಾಯ ಬೇಕು: ಮೆಕ್ಸಿಕೋದ ‘ಪ್ಯೂನ್’ಗೆ ಕನ್ನಡದಲ್ಲಿ ಏನನ್ನಲಿ?

ಎಲ್ಲರಿಗೂ ನಮಸ್ಕಾರ. ಮೆಕ್ಸಿಕೋದ ದೊಡ್ಡ ಜಮೀನ್ದಾರರ ಹೊಲಗಳಲ್ಲಿ ದುಡಿದವರ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಸಾಲುಸಾಲಿಗೂ ‘ಪ್ಯೂನ್’. ಸುಮ್ನೆ ‘ಜವಾನ’ ಅಂತ ಬರೆದುಬಿಟ್ಟೆ. ಈಗ ಓದಿದರೆ ಹೊಲದ ನಡುವೆ ಫೈಲು ಹಿಡಿದು ನಿಂತವನ ಹಾಗೆ ಕಾಣುತ್ತಾನೆ!

ಪದದ ಮೂಲ ಲ್ಯಾಟಿನ್. ಕಾಲ್ನಡಿಗೆಯವನು ಎಂದರ್ಥ. ಸ್ಪ್ಯಾನಿಷಿನ ‘ಪೆಯೋನ್’ ಅಂದರೆ ಕೂಲಿಯಾಳು, ಚೆಸ್ಸಿನ ಕಾಲಾಳು, ಮಕ್ಕಳಾಡುವ ಬುಗುರಿ ಕೂಡ. ಪೋರ್ಚುಗೀಸಿನ ‘ಪಿಯಾಂವ್’ ಬ್ರೆಜಿಲ್‌ನಲ್ಲಿ ದನ ಮೇಯಿಸುವ ಆಳು, ರೋಡಿಯೋದಲ್ಲಿ ಗೂಳಿ ಏರುವ ಸವಾರ. ನಮ್ಮ ಕಚೇರಿಯ ಪ್ಯೂನ್ ಬಂದದ್ದು ಈ ಪೋರ್ಚುಗೀಸ್ ದಾರಿಯಲ್ಲೇ. ಅಮೆರಿಕದ ಇಂಗ್ಲಿಷಿಗೆ ಮಾತ್ರ ಸ್ಪ್ಯಾನಿಷ್‌ನಿಂದ ಹೋಯಿತು. ಅಲ್ಲಿ ಅವನು ಸಾಲ ತೀರುವ ತನಕ ದುಡಿಯಬೇಕಾದವನು. ಆ ಪದ್ಧತಿಯನ್ನು ಅಮೆರಿಕ 1867ರಲ್ಲಿ ಕಾನೂನು ಮಾಡಿ ನಿಷೇಧಿಸಿತು.

‘ಜೀತದಾಳು’ ಸರಿ ಅನ್ನಿಸುತ್ತದೆ. ಆದರೆ ಲೇಖನದಲ್ಲಿ ಸಾಲವಿಲ್ಲದ ದಿನಗೂಲಿಯವರೂ ಇದ್ದಾರೆ. ಇಬ್ಬರಿಗೂ ಒಂದೇ ಪದ ಹಾಕಿದರೆ ತಪ್ಪಾಗುತ್ತದೆ ಅಲ್ವಾ? ಸ್ಪ್ಯಾನಿಷ್ ಬಲ್ಲವರು ಹೇಳಿ. ಸಾಲಕ್ಕಾಗಿ ದುಡಿಯುವವನಿಗೆ ನಿಮ್ಮ ಊರ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಭಾನುವಾರದೊಳಗೆ ಲೇಖನ ಕಳಿಸಬೇಕು.