ವಿ-ಕ್ರಾಸ್‌ಗೆ ಲಿಫ್ಟ್ ಕಿಟ್: 2 ಇಂಚೋ 3 ಇಂಚೋ?

ತೋಟದ ದಾರಿ
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 2019ರ ಇಸುಜು ವಿ-ಕ್ರಾಸ್ ಪಿಕಪ್ ತಗೊಂಡೆ. ತೋಟ ಇರೋದು ಸಕಲೇಶಪುರದಿಂದ ಒಳಗೆ. ಟಾರು ಮುಗಿದ ಮೇಲೆ ಮೂರು ಕಿಲೋಮೀಟರ್ ಮಣ್ಣು ದಾರಿ, ಟ್ರ್ಯಾಕ್ಟರ್ ಓಡಾಡಿ ಓಡಾಡಿ ಎರಡೂ ಕಡೆ ಜಾಡು ಆಳಕ್ಕೆ ಇಳಿದು ನಡುವೆ ದಿಬ್ಬ ಎದ್ದಿದೆ. ಮಳೆಗಾಲದಲ್ಲಿ ಆ ದಿಬ್ಬಕ್ಕೆ ಗಾಡಿಯ ಹೊಟ್ಟೆ ತಾಗುತ್ತದೆ. ಈ ಜುಲೈನಲ್ಲಿ ಎರಡು ಸಲ ಸಿಕ್ಕಿಕೊಂಡೆ. ಎರಡನೇ ಸಲ ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು, ಅವರು ಸಿಕ್ಕಾಗೆಲ್ಲ ಇನ್ನೂ ಕೇಳ್ತಾರೆ, "ಫೋರ್ ವೀಲ್ ಹೇಗಿದೆ ಮಾರಾಯ" ಅಂತ.

ಅದಕ್ಕೆ ಗಾಡಿಯನ್ನು ಎತ್ತರಿಸೋ ಲಿಫ್ಟ್ ಕಿಟ್ ವಿಚಾರಿಸಿದೆ. ಬೆಂಗಳೂರಿನ ಒಂದು ಅಂಗಡಿಯವರು ಮುಂದೆ ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರಿಸೋ ದಪ್ಪ ಬಿಲ್ಲೆ), ಹಿಂದೆ ಉದ್ದದ ಶ್ಯಾಕಲ್ (ಲೀಫ್ ಸ್ಪ್ರಿಂಗ್‌ನ ತುದಿ ಹಿಡಿಯೋ ಪಟ್ಟಿ) ಹಾಕಿ 3 ಇಂಚು ಎತ್ತಿಕೊಡುತ್ತೇವೆ, ಒಂದೇ ದಿನದ ಕೆಲಸ ಅಂದರು. ಇನ್ನೊಬ್ಬರು ಓಲ್ಡ್ ಮ್ಯಾನ್ ಎಮು ಅಥವಾ ಐರನ್‌ಮ್ಯಾನ್ ಕಂಪನಿಯ ಫುಲ್ ಕಿಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲ ಹೊಸದು) ಹಾಕಿಸಿ, 2 ಇಂಚಿನ ಮೇಲೆ ಹೋಗಬೇಡಿ ಅಂದರು. ರೇಟು ಕೇಳಿ ಸುಮ್ನೆ ಫೋನ್ ಇಟ್ಟೆ. ಕೊಯ್ಲಿನ ಎರಡು ಮೂರು ತಿಂಗಳು 50 ಕೆಜಿಯ ಎಂಟು ಚೀಲ ಹಿಂದೆ ಬೀಳುತ್ತದೆ. ಉಳಿದಂತೆ ಗಾಡಿ ಖಾಲಿ, ಅಮ್ಮನನ್ನು ಹಾಸನಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಇದೇ ಗಾಡಿಯಲ್ಲಿ. ಅವರಿಗೆ ಸೊಂಟ ನೋವು. ಯಾವುದು ಹಾಕಿಸಲಿ?

ಗ್ರೀಸ್ ಗನ್
ಇಂಚಿನ ಮಾತು ಆಮೇಲೆ. ಮೊದಲು ಗಾಡಿ ಕೆಳಗೆ ಗೋಣಿಚೀಲ ಹಾಸಿಕೊಂಡು ಟಾರ್ಚ್ ಹಿಡಿದು ಮಲಗಿ, ಎಲ್ಲೆಲ್ಲಿ ಉಜ್ಜಿದೆ ನೋಡಿ. ಹಿಂದಿನ ಹೌಸಿಂಗ್, ಅಂದರೆ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಗೇರ್ ಇರೋ ಗುಂಡು, ಅದರ ತಳದಲ್ಲಿ ಉಜ್ಜಿದ್ದರೆ ಯಾವ ಲಿಫ್ಟ್ ಕಿಟ್ಟೂ ಉಪಯೋಗಕ್ಕೆ ಬರಲ್ಲ. ಕಿಟ್ ಎತ್ತೋದು ಚಾಸಿಯನ್ನು. ಹಿಂದಿನ ಆಕ್ಸಲ್ ಕೂತಿರೋದು ಚಕ್ರದ ಮೇಲೆ, ಅದು ಇದ್ದ ಜಾಗದಲ್ಲೇ ಇರುತ್ತದೆ. ಅದನ್ನು ಎತ್ತಬೇಕು ಅಂದರೆ ಟೈರ್ ದೊಡ್ಡದಾಗಬೇಕು, ಅದೂ ಅರ್ಧ ಲೆಕ್ಕ. 255/60 ಆರ್18 ತೆಗೆದು 265/60 ಆರ್18 ಹಾಕಿದರೆ ಟೈರಿನ ಎತ್ತರ 12 ಮಿಲಿಮೀಟರ್ ಜಾಸ್ತಿ, ಹೌಸಿಂಗ್ ಕೆಳಗೆ ಸಿಗೋದು 6 ಮಾತ್ರ. ಮುಂದಿನ ಕಥೆ ಬೇರೆ. ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಬಿಗಿದಿರುತ್ತದೆ, ಹಾಗಾಗಿ ಲಿಫ್ಟ್ ಮಾಡಿದರೆ ಅದೂ ಮೇಲೆ ಹೋಗುತ್ತದೆ. ಇಂಜಿನ್ ಕೆಳಗಿನ ಸ್ಕಿಡ್ ಪ್ಲೇಟ್, ಗೇರ್‌ಬಾಕ್ಸ್ ಹೊರೋ ಕ್ರಾಸ್‌ಮೆಂಬರ್ ಉಜ್ಜಿದ್ದರೆ ಕಿಟ್ ಹಾಕಿಸೋದಕ್ಕೆ ಅರ್ಥ ಇದೆ.

ಕಿಟ್ ತಗೊಳ್ಳೋದೇ ಆದರೆ ಎತ್ತರ ನೋಡಿ ತಗೋಬೇಡಿ, ಭಾರ ನೋಡಿ ತಗೊಳ್ಳಿ. ಮುಂದಿನ ಕಾಯಿಲ್ ಸ್ಪ್ರಿಂಗ್‌ನಲ್ಲಿ ಸ್ಟೀಲ್ ಬಂಪರ್, ವಿಂಚ್ ಇರೋ ಗಾಡಿಗೆ ಬೇರೆ, ಇಲ್ಲದ ಗಾಡಿಗೆ ಬೇರೆ ಬರುತ್ತದೆ. ಹಿಂದಿನ ಲೀಫ್ ಸ್ಪ್ರಿಂಗ್ ಯಾವಾಗಲೂ ಎಷ್ಟು ಭಾರ ಹೊತ್ತಿರುತ್ತದೆ ಅನ್ನೋದರ ಮೇಲೆ ಬರುತ್ತದೆ. ಎರಡು ತಿಂಗಳ ಚೀಲಕ್ಕೆ ಅಂತ 300 ಕೆಜಿಯ ಸೆಟ್ ಹಾಕಿಸಿದರೆ ಉಳಿದ ಹತ್ತು ತಿಂಗಳು ಅಮ್ಮನಿಗೆ ಎತ್ತಿನ ಗಾಡಿ. ಇನ್ನೊಂದು, ಎಂಟು ಚೀಲ ಅಂದರೆ 400 ಕೆಜಿ ಆಯಿತು. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಬರೆದಿರುತ್ತದೆ, ಕಳೆದು ನೋಡಿದ್ದೀರಾ?

ಕೊಡಗಿನ ಕೆಸರು
ಆ 3 ಇಂಚಿನ ಸ್ಪೇಸರ್ ಮಾತ್ರ ಬೇಡ ಅಣ್ಣ, ಅನುಭವಿಸಿದವನು ಹೇಳ್ತಿದ್ದೇನೆ. ನಂದೂ ಇದೇ ಗಾಡಿ. ಹಾಕಿಸಿದ ದಿನ ನೋಡೋಕೆ ಜೋರಾಗಿತ್ತು, ಫೋಟೋ ಎಲ್ಲ ಹಾಕಿದ್ದೆ. ನಾಲ್ಕು ತಿಂಗಳಿಗೆ ಎಡಗಡೆ ಡಿಸ್ಕಿನ ಒಳಮುಖಕ್ಕೆಲ್ಲ ಕಪ್ಪು ಗ್ರೀಸ್ ಎರಚಿತ್ತು. ನೋಡಿದರೆ ಆಕ್ಸಲ್ ಜಾಯಿಂಟ್ ಮುಚ್ಚೋ ರಬ್ಬರ್ ಬೂಟು ಮಡಿಕೆ ಮಡಿಕೆಯಲ್ಲಿ ಹರಿದಿದೆ. ಜಾಯಿಂಟ್ ಅಷ್ಟು ವಾರೆಯಲ್ಲಿ ತಿರುಗಿದರೆ ಇನ್ನೇನಾಗುತ್ತದೆ? ಒಳಗೆ ಕೆಸರು ನೀರು ಸೇರಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟ ಕಟ ಕಟ ಅಂತ ಸದ್ದು. ಹೊಂಡಕ್ಕೆ ಚಕ್ರ ಇಳಿದಾಗ ಸಸ್ಪೆನ್ಷನ್‌ನ ಮೇಲಿನ ಆರ್ಮ್ ಹೋಗಿ ಕಾಯಿಲ್‌ಗೆ ಬಡಿಯುತ್ತಿತ್ತು. ಸ್ಪೇಸರ್ ಹಾಕಿದರೆ ಶಾಕ್ ಹಿಗ್ಗಿ ಕುಗ್ಗೋ ಓಟ ಒಂದಿಷ್ಟೂ ಜಾಸ್ತಿ ಆಗಲ್ಲ, ಎತ್ತರ ಮಾತ್ರ ಆಗೋದು. ಅಂಗಡಿಯವರನ್ನು ಕೇಳಿದರೆ "ಕೆಸರಲ್ಲಿ ಓಡಿಸಿದರೆ ಎಲ್ಲರಿಗೂ ಹಾಗೇ" ಅಂದರು. ಹಾಗಾದರೆ ಲಿಫ್ಟ್ ಮಾಡಿಸೋದು ಯಾಕೆ, ಮದುವೆಗೆ ಹೋಗೋಕಾ? ಬಿಚ್ಚಿಸಿ ಅವರ ಅಂಗಡಿಯಲ್ಲೇ ಬಿಟ್ಟು ಬಂದೆ.

ಪರ್ತ್‌ನಲ್ಲೊಬ್ಬ
ಹಾಸನದವನೇ, ಈಗ ಆಸ್ಟ್ರೇಲಿಯಾದಲ್ಲಿದ್ದೇನೆ. ನನ್ನ ಡಿ-ಮ್ಯಾಕ್ಸ್‌ಗೆ (ವಿ-ಕ್ರಾಸ್‌ಗೆ ಇಲ್ಲಿಯ ಹೆಸರು) 40 ಮಿಲಿಮೀಟರ್ ಲಿಫ್ಟ್ ಇದೆ, ಚೆನ್ನಾಗಿದೆ. ಆದರೆ ಈ ಕಿಟ್‌ಗಳನ್ನು ಮಾಡಿರೋದು ಇಲ್ಲಿಯ ದಾರಿ ನೋಡಿ. ನೂರಾರು ಕಿಲೋಮೀಟರ್ ಮಣ್ಣುರಸ್ತೆ, ಮೇಲೆಲ್ಲ ತಗಡಿನ ಶೀಟಿನ ಹಾಗೆ ಏರಿಳಿತ, ಅದರ ಮೇಲೆ 80ರ ಸ್ಪೀಡು, ಹಿಂದೆ ಒಂದು ಮನೆಯಷ್ಟು ಸಾಮಾನು. ಅಂಥ ಕಡೆ ಶಾಕ್ ಮುಟ್ಟೋಕಾಗದಷ್ಟು ಬಿಸಿಯಾಗುತ್ತದೆ, ದುಡ್ಡು ಕೊಡೋದು ಅದನ್ನು ತಡೆಯೋ ಶಾಕ್‌ಗೆ. ನಿಮ್ಮದು ಮೂರು ಕಿಲೋಮೀಟರ್, ಹತ್ತರ ಸ್ಪೀಡು. ಯೋಚನೆ ಮಾಡಿ.

ಹಾಕಿಸಿದರೂ ಫಿಟ್ಟಿಂಗ್ ಹತ್ತಿರ ನಿಂತು ಮಾಡಿಸಿ. ಮೊದಲೇ ನಾಲ್ಕೂ ಚಕ್ರದ ಹಬ್ ಮಧ್ಯದಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಎಷ್ಟು ಎತ್ತಿದರು ಅಂತ ಆಮೇಲೆ ಗೊತ್ತಾಗಲ್ಲ. ಆರ್ಮ್‌ನ ರಬ್ಬರ್ ಬುಶ್ ಬೋಲ್ಟ್, ಲೀಫ್‌ನ ಬೋಲ್ಟ್ ಎಲ್ಲ ಗಾಡಿ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆ ಬಿಗಿಯಬೇಕು. ಚಕ್ರ ಜೋತಾಡುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇದನ್ನು ಎಷ್ಟೋ ಜನ ಮಾಡೋದೇ ಇಲ್ಲ. ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ (ಮುಂದಿನ ಚಕ್ರದ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರೋ ಕೋನ) ನೋಡಲು ಹೇಳಿ, ಮುಂದೆ ಎತ್ತಿದಾಗ ಅದು ಕಡಿಮೆಯಾಗಿ ಹೈವೇಯಲ್ಲಿ ಸ್ಟೀರಿಂಗ್ ಅಲೆಯುತ್ತದೆ. ಹೆಡ್‌ಲೈಟನ್ನೂ ಕೆಳಗಿಳಿಸಿ, ಎದುರಿಗೆ ಬರುವವರ ಶಾಪ ಯಾಕೆ.

ಕಪ್ಪು ಕೋಟು
ಕಾನೂನಿನ ಮಾತು ಯಾರೂ ಎತ್ತಲಿಲ್ಲ, ಅದಕ್ಕೆ ಬಂದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಇದೆ. ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ರಸ್ತೆಯಲ್ಲಿ ಎಷ್ಟೋ ಗಾಡಿ ಓಡಾಡುತ್ತಿವೆ ಅನ್ನಬಹುದು, ಸರಿ. ಕ್ಲೇಮ್ ಮಾಡುವ ದಿನ ಸರ್ವೇಯರ್ ಟೇಪ್ ಹಿಡಿದರೆ ಏನು ಹೇಳ್ತೀರಿ? ಇನ್ಶೂರೆನ್ಸ್‌ನವರಿಗೆ ಮೊದಲೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ತೋಟದ ದಾರಿ
ನಿನ್ನೆ ಸಂಜೆ ಗೋಣಿಚೀಲ ಹಾಸಿಕೊಂಡು ಮಲಗಿದೆ ಗ್ರೀಸ್ ಗನ್ ಅವರೇ. ಸ್ಕಿಡ್ ಪ್ಲೇಟ್ ಮೇಲೆ ಎರಡು ಹಳೇ ಗೀರು, ಅದಕ್ಕೂ ತುಕ್ಕು ಹಿಡಿದಿದೆ. ಹಿಂದಿನ ಹೌಸಿಂಗ್ ಮಾತ್ರ ತಳದಲ್ಲಿ ಬಣ್ಣವೇ ಇಲ್ಲ, ಹೊಸ ಪಾತ್ರೆ ಥರ ಹೊಳೀತಿದೆ. ಟೈರ್ ನೋಡಿದರೆ ಹಳೇ ಹೈವೇ ಟೈರ್, ನಡುವೆ ನುಣ್ಣಗೆ. ಆರ್‌ಸಿ ತೆಗೆದು ಕಳೆದೆ, ಎಂಟು ಚೀಲಕ್ಕೆ ಅಲ್ಲಿ ಜಾಗ ಇಲ್ಲ. ಇನ್ನು ಮೇಲೆ ಎರಡು ಟ್ರಿಪ್.

ಕಿಟ್ ಕೈಬಿಟ್ಟೆ. ಒಳ್ಳೆ ಆಲ್ ಟೆರೇನ್ ಟೈರ್ ಹಾಕಿಸ್ತೀನಿ. ಮಿಕ್ಕ ದುಡ್ಡಲ್ಲಿ ಜೆಸಿಬಿ ತರಿಸಿ ಆ ದಿಬ್ಬ ಕೆತ್ತಿಸಿ, ಜಾಡಿಗೆ ಜಲ್ಲಿ ತುಂಬಿಸಿ, ನೀರು ಪಕ್ಕಕ್ಕೆ ಹೋಗೋಕೆ ಚರಂಡಿ ಹೊಡೆಸೋದು. ಟ್ರ್ಯಾಕ್ಟರ್‌ನವರನ್ನೂ ಕೇಳಿದೆ, ಅರ್ಧ ಖರ್ಚು ಹಾಕ್ತೀನಿ ಅಂದಿದ್ದಾರೆ. ಟೈರ್ ಇದೇ ಅಳತೆಯಲ್ಲಿ ತಗೊಳ್ಳಲಾ, 265 ಹೋಗಲಾ?

ಗ್ರೀಸ್ ಗನ್
ಇದೇ ಅಳತೆ ಸಾಕು. 6 ಮಿಲಿಮೀಟರಿಗೆ ಸ್ಪೀಡೋಮೀಟರ್ ಯಾಕೆ ಕೆಡಿಸ್ತೀರಿ. ಜಲ್ಲಿ ಹಾಕಿಸುವಾಗ ಮೊದಲು ದೊಡ್ಡ ಕಲ್ಲು ಹಾಕಿ ಮೇಲೆ ಸಣ್ಣದು ಹಾಕಿಸಿ, ಬರೀ ಸಣ್ಣದು ಹಾಕಿದರೆ ಒಂದೇ ಮಳೆಗೆ ಕೆಸರು ನುಂಗಿಬಿಡುತ್ತದೆ.